ಮೊದಲ ಕ್ಷೌರದ ಕತ್ತಿ: ಬಾಯಿಗಿಂತ ಮೊದಲು ಬೆನ್ನು ನೋಡಿ

ಸ್ಟ್ರೇಟ್ ರೇಜರ್, ಅಂದರೆ ಅಲಗೇ ಬ್ಲೇಡ್ ಆಗಿರುವ ಮಡಚುವ ಕ್ಷೌರದ ಕತ್ತಿ, ಕಲಿಯಲು ಹೊರಟವರ ಮೊದಲ ಪ್ರಶ್ನೆ ಸಾಮಾನ್ಯವಾಗಿ "ಯಾವ ಕಂಪನಿಯದು ಒಳ್ಳೇದು?" ಅನ್ನೋದೇ. ಕಂಪನಿಯ ವಿಷಯ ಮುಂದೆ ಬರುತ್ತದೆ. ಅದಕ್ಕಿಂತ ಮೊದಲು ಕತ್ತಿಯ ಆಕಾರ ಓದಲು ಬರಬೇಕು, ಅದರಲ್ಲೂ ಬೆನ್ನು, ಅಂದರೆ ಹರಿತವಾದ ಬಾಯಿಯ ಎದುರಿನ ದಪ್ಪ ಅಂಚು. ಬಾಯಿ ಮೊಂಡಾಗಿದ್ದರೆ ಸಾಣೆ ಹಿಡಿದು ಹರಿತ ಮಾಡಬಹುದು. ಬೆನ್ನು ಕೆಟ್ಟಿದ್ದರೆ ಹೊಸಬರು ಮನೆಯಲ್ಲಿ ಕೂತು ಸರಿಮಾಡುವುದು ಆಗದ ಮಾತು. ನನ್ನ ಜೊತೆ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿಯಲ್ಲಿ ಬೆನ್ನಿಗೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸಲೂನಿನ ಕತ್ತಿ ಮತ್ತು ಈ ಕತ್ತಿ

ನಮ್ಮ ಊರುಗಳ ಸಲೂನಿನಲ್ಲಿ ಈಗ ಕಾಣುವುದು ಮಡಚುವ ಹಿಡಿಯ, ಬ್ಲೇಡ್ ಸಿಕ್ಕಿಸುವ ಕತ್ತಿ. ಕಾಗದದ ಸಮೇತ ಬ್ಲೇಡನ್ನು ಎರಡಾಗಿ ಮುರಿದು, ಅರ್ಧ ತುಂಡನ್ನು ಒಳಗೆ ತಳ್ಳಿ, ಒಬ್ಬರ ಮುಖಕ್ಕೆ ಬಳಸಿದ ಮೇಲೆ ಎಸೆಯುತ್ತಾರೆ. ಎಚ್‌ಐವಿ, ಹೆಪಟೈಟಿಸ್ ಬಗ್ಗೆ ತಿಳಿವಳಿಕೆ ಹರಡಿದ ಮೇಲೆ ಇದೇ ರೂಢಿಯಾಯಿತು. ಹತ್ತಾರು ಜನರಿಗೆ ಕ್ಷೌರ ಮಾಡುವ ಜಾಗದಲ್ಲಿ ಅದೇ ಸರಿ. ಬ್ಲೇಡ್ ಸಿಕ್ಕಿಸುವ ಈ ಕತ್ತಿಯನ್ನು ಶೇವೆಟ್ ಅನ್ನುತ್ತಾರೆ.

ನಾವು ಮಾತಾಡುತ್ತಿರುವುದು ಅಲಗೇ ಬ್ಲೇಡ್ ಆಗಿರುವ ಕತ್ತಿ. ಎಸೆಯುವುದು ಏನೂ ಇಲ್ಲ. ದಿನಾ ಚರ್ಮದ ಪಟ್ಟಿಗೆ ಉಜ್ಜಬೇಕು, ಆಗಾಗ ಕಲ್ಲಿಗೆ ಹಚ್ಚಬೇಕು. ಒಬ್ಬರ ಕತ್ತಿ ಒಬ್ಬರಿಗೇ, ಅಣ್ಣ ತಮ್ಮಂದಿರ ನಡುವೆಯೂ ಹಂಚಿಕೊಳ್ಳುವಂಥದ್ದಲ್ಲ.

"ಮೊದಲು ಶೇವೆಟ್‌ನಲ್ಲಿ ಕಲಿ, ಆಮೇಲೆ ದೊಡ್ಡ ಕತ್ತಿಗೆ ಬಾ" ಎಂದು ಹೇಳುವವರಿದ್ದಾರೆ. ನನಗೆ ಆ ಸಲಹೆ ಒಪ್ಪಿಗೆಯಿಲ್ಲ. ಅರ್ಧ ಬ್ಲೇಡು ಸುಮಾರು 4 ಸೆಂಟಿಮೀಟರ್ ಉದ್ದ, 0.1 ಮಿಲಿಮೀಟರ್ ದಪ್ಪ. ಎರಡು ತುದಿಯಲ್ಲೂ ಚೂಪು ಮೂಲೆ. ಕೈ ಸ್ವಲ್ಪ ವಾಲಿದರೂ ಗೀರುತ್ತದೆ. ಸ್ಟ್ರೇಟ್ ರೇಜರ್‌ನ ಬಾಯಿ ಸುಮಾರು 7 ಸೆಂಟಿಮೀಟರ್, ಅಲಗಿಗೆ ತನ್ನದೇ ತೂಕ ಇದೆ, ಹರಿತದಲ್ಲೂ ಒಂದು ಮೃದುತ್ವ ಇದೆ. ಶೇವೆಟ್ ಕಲಿತ ಕೈ ಇಲ್ಲಿಗೆ ಬಂದಾಗ ಒತ್ತಡವನ್ನೂ ಕೋನವನ್ನೂ ಮತ್ತೆ ಕಲಿಯಬೇಕಾಗುತ್ತದೆ. ಬೇಕಾದದ್ದು ಇದೇ ಆದರೆ ಇದರಿಂದಲೇ ಶುರು ಮಾಡಿ. ಕಲ್ಲು, ಪಟ್ಟಿಯ ಕೆಲಸವೇ ಬೇಡ ಅನ್ನುವವರಿಗೆ ಮಾತ್ರ ಶೇವೆಟ್ ಸಾಕು.

ಬೆನ್ನು ಏನು ಮಾಡುತ್ತದೆ

ಹೆಸರುಗಳನ್ನು ಗುರುತು ಹಾಕಿಕೊಳ್ಳೋಣ. ಕೂದಲು ಕತ್ತರಿಸುವ ಅಂಚು ಬಾಯಿ. ಅದರ ಎದುರಿನ ದಪ್ಪ ಅಂಚು ಬೆನ್ನು. ಬಾಯಿಯ ಎರಡು ಕೊನೆಗಳಲ್ಲಿ ಹಿಡಿಯ ಕಡೆಯದು ಹಿಮ್ಮಡಿ, ಆಚೆಯದು ತುದಿ. ಹಿಡಿಗೆ ಸೇರುವ ಮೊದಲು ಅಲಗು ದಪ್ಪಗಾಗುವ ಜಾಗ ಭುಜ. ಬೆರಳು ಆನಿಸಲು ಕೊನೆಯಲ್ಲಿ ಬಾಗಿರುವುದು ಬಾಲ. ಇಷ್ಟು ಸಾಕು.

ಅಡುಗೆಮನೆಯ ಚಾಕುವಿಗೆ ಸಾಣೆ ಹಿಡಿಯುವಾಗ ಕೋನವನ್ನು ನಮ್ಮ ಕೈಯೇ ಕಾಯಬೇಕು. ರೇಜರ್‌ನಲ್ಲಿ ಆ ಕಷ್ಟ ಇಲ್ಲ. ಅಲಗನ್ನು ಕಲ್ಲಿನ ಮೇಲೆ ಮಲಗಿಸಿದರೆ ತಾಗುವುದು ಎರಡೇ ಕಡೆ: ಬೆನ್ನು ಮತ್ತು ಬಾಯಿ. ಹೆಚ್ಚಿನ ಕತ್ತಿಗಳಲ್ಲಿ ನಡುವಿನ ಭಾಗ ಒಳಕ್ಕೆ ತಗ್ಗಿರುತ್ತದೆ. ಬೆನ್ನು ಎಷ್ಟು ದಪ್ಪ, ಅದು ಬಾಯಿಯಿಂದ ಎಷ್ಟು ದೂರ, ಈ ಎರಡರಿಂದಲೇ ಬಾಯಿಯ ಕೋನ ತೀರ್ಮಾನವಾಗಿಬಿಡುತ್ತದೆ. ಕೋನವನ್ನು ತಯಾರಕರೇ ಲೋಹದಲ್ಲಿ ಕಟ್ಟಿಕೊಟ್ಟಿರುತ್ತಾರೆ. ಬೆನ್ನು ಚೆನ್ನಾಗಿರಬೇಕು ಎಂದು ಇಷ್ಟು ಒತ್ತಿ ಹೇಳುವುದು ಅದಕ್ಕೇ.

ಲೆಕ್ಕ ಸುಲಭ. ಅಲಗಿನ ಅಗಲವನ್ನು ಬೆನ್ನಿನ ದಪ್ಪದಿಂದ ಭಾಗಿಸಿ. ಉತ್ತರ 3 ಬಂದರೆ ಬಾಯಿಯ ಒಟ್ಟು ಕೋನ ಸುಮಾರು 19 ಡಿಗ್ರಿ. 3.5 ಬಂದರೆ ಸುಮಾರು 16.5. 4 ಬಂದರೆ 14.5ರ ಆಸುಪಾಸು. ಒಳ್ಳೆಯ ಕತ್ತಿಗಳು ಹೆಚ್ಚಾಗಿ 16, 17ರ ಸುತ್ತ ಇರುತ್ತವೆ. 19 ದಾಟಿದರೆ ಎಷ್ಟೇ ಸಾಣೆ ಹಿಡಿದರೂ ಕೂದಲು ಎಳೆದ ಹಾಗೆ ಅನ್ನಿಸಲು ಶುರುವಾಗುತ್ತದೆ. 14ಕ್ಕಿಂತ ಕೆಳಗೆ ಹೋದರೆ ಬಾಯಿ ತೀರಾ ತೆಳು, ಬೇಗ ಪುಡಿಪುಡಿಯಾಗಿ ಉದುರುತ್ತದೆ.

ಒಂದು ಕತ್ತಿಯನ್ನೇ ಅಳೆದು ನೋಡೋಣ. ನನ್ನ ಹತ್ತಿರ ಇರುವ ಇಂಗ್ಲೆಂಡಿನ ಶೆಫೀಲ್ಡ್ ಊರಿನ ಹಳೆಯ ಕತ್ತಿಯ ಅಗಲ ಹಿಮ್ಮಡಿಯ ಹತ್ತಿರ 15.2 ಮಿಲಿಮೀಟರ್, ಅಲ್ಲಿ ಬೆನ್ನು 4.6. ತುದಿಯ ಹತ್ತಿರ ಅಗಲ 13.6ಕ್ಕೆ ಇಳಿದಿದೆ, ಬೆನ್ನೂ 4.1ಕ್ಕೆ ಇಳಿದಿದೆ. ಬರೀ ಕಣ್ಣಿಗೆ ತುದಿ ಸವೆದು ಹೋದಂತೆ ಕಾಣುತ್ತದೆ. ಆದರೆ ಭಾಗಿಸಿದರೆ ಎರಡೂ ಕಡೆ 3.3. ಅಂದರೆ ಉದ್ದಕ್ಕೂ 17 ಡಿಗ್ರಿ ಚಿಲ್ಲರೆ, ಒಂದೇ ಕೋನ. ಹಿಂದೆ ಇದನ್ನು ಬಳಸಿದವರು ಬೆನ್ನನ್ನೂ ಬಾಯಿಯನ್ನೂ ಒಟ್ಟಿಗೆ ಕಲ್ಲಿಗೆ ತಾಗಿಸಿಕೊಂಡೇ ಸಾಣೆ ಹಿಡಿದಿದ್ದಾರೆ. ಅಗಲ ಕಡಿಮೆಯಾಗಿದ್ದರೂ ಇದು ಆರೋಗ್ಯವಾಗಿರುವ ಕತ್ತಿ. ದಪ್ಪ, ಅಗಲ ನಿಖರವಾಗಿ ಅಳೆಯಲು ಒಂದು ವರ್ನಿಯರ್ ಕ್ಯಾಲಿಪರ್ ಇಟ್ಟುಕೊಳ್ಳಿ. ದೂರದಿಂದ ತರಿಸುವುದಾದರೆ ಮಾರುವವರಿಗೆ ಈ ನಾಲ್ಕು ಅಳತೆ ಕೇಳಿ. ಕೊಡಲು ಹಿಂಜರಿದರೆ ಬೇರೆ ಕತ್ತಿ ನೋಡಿ.

ಬೆನ್ನಿಗೆ ಎಲೆಕ್ಟ್ರಿಕ್ ಟೇಪ್ ಅಂಟಿಸಿ ಸಾಣೆ ಹಿಡಿಯುವ ಪದ್ಧತಿಯೂ ಇದೆ. ಒಂದು ಸುತ್ತು ಟೇಪ್ ಎರಡೂ ಬದಿ ಸೇರಿ ಸುಮಾರು 0.3 ಮಿಲಿಮೀಟರ್ ದಪ್ಪ ಸೇರಿಸುತ್ತದೆ, ಕೋನ ಹೆಚ್ಚುಕಡಿಮೆ 1 ಡಿಗ್ರಿ ಏರುತ್ತದೆ. ಬೆನ್ನು ಜಾಸ್ತಿ ಸವೆದು ಕೋನ ಕುಗ್ಗಿದ ಕತ್ತಿಗೆ ಇದೇ ಮದ್ದು. ಆದರೆ ಕೊಂಡ ಕತ್ತಿಗೆ ಹಿಂದಿನವರು ಟೇಪ್ ಹಾಕಿ ಸಾಣೆ ಹಿಡಿದಿದ್ದರೋ ಇಲ್ಲವೋ ಎಂದು ಕೇಳಿಕೊಳ್ಳಿ. ಹಾಕಿದ್ದರೆ ನೀವು ಟೇಪ್ ಇಲ್ಲದೆ ಹಿಡಿದಾಗ ಕಲ್ಲು ಬಾಯಿಯ ತುತ್ತತುದಿಗೆ ತಾಗುವುದೇ ಇಲ್ಲ. ಎಷ್ಟು ಉಜ್ಜಿದರೂ ಹರಿತ ಬರಲಿಲ್ಲವಲ್ಲ ಅನ್ನಿಸುತ್ತದೆ.

ಅಗಲ, ಹೊಟ್ಟೆ, ತುದಿ

ಅಗಲವನ್ನು ಇಂಚಿನ ಎಂಟನೇ ಭಾಗದಲ್ಲಿ ಹೇಳುತ್ತಾರೆ. 5/8 ಅಂದರೆ ಸುಮಾರು 16 ಮಿಲಿಮೀಟರ್, 6/8 ಅಂದರೆ 19. ಮೊದಲ ಕತ್ತಿ ಇವೆರಡರಲ್ಲಿ ಒಂದಾಗಿರಲಿ. 4/8 ಹಗುರ, ಆದರೆ ನೊರೆ ಬೇಗ ತುಂಬಿ ಬೆನ್ನ ಮೇಲೆ ಹರಿಯುತ್ತದೆ. 7/8, 8/8 ನೋಡಲು ಗಂಭೀರ, ಮೂಗಿನ ಕೆಳಗೆ ನುಗ್ಗಿಸಲು ಕಷ್ಟ. ತೀರಾ ಚಿಕ್ಕ, ಮುದ್ದಾದ ಕತ್ತಿಯೊಂದು ಅಗ್ಗಕ್ಕೆ ಸಿಕ್ಕಿದರೆ ಅನುಮಾನಿಸಿ. ಕಾಲಿನ ಆಣಿ ಕೆತ್ತಲು ಇದೇ ರೂಪದ ಸಣ್ಣ ಕತ್ತಿಗಳನ್ನು ಹಿಂದೆ ಮಾಡುತ್ತಿದ್ದರು.

ಅಲಗನ್ನು ಅಡ್ಡಕ್ಕೆ ಸೀಳಿದರೆ ಕಾಣುವ ಆಕಾರ ಗ್ರೈಂಡ್. ಹಳೆಯ ಕಾಲದವು ಬೆಣೆಯ ಆಕಾರ, ಬೆನ್ನಿಂದ ಬಾಯಿವರೆಗೂ ನೇರ ಇಳಿಜಾರು. ಎರಡು ಬದಿಯಲ್ಲೂ ಹೊಟ್ಟೆ ತೋಡಿದ್ದು ಹಾಲೋ. ಅದರಲ್ಲಿ ಕಾಲು, ಅರ್ಧ, ಪೂರ್ತಿ ಎಂದು ಹಂತಗಳಿವೆ. ಬೆಣೆ ಆಕಾರದ ಕತ್ತಿಗೆ ಕಲ್ಲಿನ ಮೇಲೆ ಉಜ್ಜಬೇಕಾದ ಲೋಹ ಜಾಸ್ತಿ, ಹೊಸಬರಿಗೆ ಸಾಣೆ ಬಹಳ ನಿಧಾನ. ಪೂರ್ತಿ ಹಾಲೋ ಕತ್ತಿ ಗಡ್ಡದ ಮೇಲೆ ಹೋಗುವಾಗ ಸಣ್ಣಗೆ ಸದ್ದು ಮಾಡುತ್ತದೆ. ಆ ಸದ್ದು ಕಲಿಯುವವರಿಗೆ ಒಳ್ಳೆಯ ಗುರು. ಕೋನ ಸರಿಯಿದ್ದಾಗ ಒಂದೇ ಸಮ ಕೇಳುತ್ತದೆ, ಬೆನ್ನು ಎದ್ದಾಗ ಕೆರೆಯುವ ಸದ್ದಿಗೆ ತಿರುಗುತ್ತದೆ. ಅರ್ಧ ಹಾಲೋ ಸ್ವಲ್ಪ ಗಟ್ಟಿ, ಕೈ ಒತ್ತಿದರೂ ಬಾಯಿ ಬಳುಕುವುದು ಕಡಿಮೆ. ಎರಡೂ ಸರಿ. ನನ್ನ ಮತ ಪೂರ್ತಿ ಹಾಲೋಗೆ, ಆ ಸದ್ದಿಗೋಸ್ಕರವೇ.

ತುದಿಯ ವಿಷಯದಲ್ಲಿ ಚರ್ಚೆಯೇ ಬೇಡ. ಗುಂಡು ತುದಿ ತೆಗೆದುಕೊಳ್ಳಿ. ಚೌಕ ತುದಿ ಮೀಸೆ, ಕೃತಾವಿನ ಗೆರೆ ಕೊರೆಯಲು ಚೆಂದ, ಆದರೆ ಕಿವಿಯ ಹಾಲೆಗೂ ಅಷ್ಟೇ ಚೆನ್ನಾಗಿ ಚುಚ್ಚುತ್ತದೆ.

ಬಾಯಿಯ ಗೆರೆಯನ್ನೂ ಗಮನಿಸಿ. ನೇರ ಇರಬೇಕು, ಇಲ್ಲವೇ ನಡುವೆ ಸ್ವಲ್ಪ ಮುಂದಕ್ಕೆ ಉಬ್ಬಿರಬಹುದು. ನಡುವೆ ಒಳಕ್ಕೆ ತಗ್ಗಿದ್ದರೆ ಅದು ಸಪಾಟು ಕಲ್ಲಿನ ಮೇಲೆ ಎಂದೂ ಪೂರ್ತಿ ತಾಗುವುದಿಲ್ಲ, ಪಟ್ಟಿಯ ಮೇಲೂ ಅಷ್ಟೇ. ಅಂಥದ್ದು ಬಿಟ್ಟುಬಿಡಿ.

ಉಕ್ಕು

ಕಾರ್ಬನ್ ಸ್ಟೀಲ್ ಬೇಗ ಸಾಣೆ ತೆಗೆದುಕೊಳ್ಳುತ್ತದೆ, ಬೇಗ ತುಕ್ಕೂ ಹಿಡಿಯುತ್ತದೆ. ಸ್ಟೇನ್‌ಲೆಸ್ ತಡೆಯುತ್ತದೆ, ಆದರೆ ಕಲ್ಲಿನ ಮೇಲೆ ಜಾಸ್ತಿ ಹೊತ್ತು ಬೇಡುತ್ತದೆ. ಬೆಂಗಳೂರು, ಮೈಸೂರಿನ ಕಡೆಯವರಿಗೆ ಕಾರ್ಬನ್ನೇ ಸಾಕು. ಕಾರವಾರ, ಉಡುಪಿ, ಮಂಗಳೂರಿನವರು ಮಳೆಗಾಲವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಅಲ್ಲಿ ಕಾರ್ಬನ್ ಕತ್ತಿಯನ್ನು ಒರೆಸದೆ ಒಂದು ರಾತ್ರಿ ಬಚ್ಚಲಲ್ಲಿ ಬಿಟ್ಟರೂ ಬಾಯಿಯಲ್ಲಿ ಕೆಂಪು ಚುಕ್ಕಿ ಏಳಬಹುದು. ಬಳಸಿದ ಮೇಲೆ ಒರೆಸಿ, ಒಣಗಿಸಿ, ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯನ್ನು ತೆಳುವಾಗಿ ಸವರಿ, ಬಚ್ಚಲ ಹೊರಗೆ ಇಡಿ. ಕೊಬ್ಬರಿ ಎಣ್ಣೆ ಬೇಡ, ದಿನ ಕಳೆದಂತೆ ಅಂಟಂಟಾಗುತ್ತದೆ.

ಹಳೆಯ ಕತ್ತಿಗಳ ಮೇಲೆ "ಸಿಲ್ವರ್ ಸ್ಟೀಲ್" ಎಂದು ಕೆತ್ತಿರುವುದು ತುಂಬಾ ಕಾಣುತ್ತದೆ. ಅದರಲ್ಲಿ ಬೆಳ್ಳಿ ಇದೆ ಎಂದು ನಂಬಿ ಜಾಸ್ತಿ ದುಡ್ಡು ಕೊಡಬೇಡಿ. ಈ ಹೆಸರಿನ ಹಿಂದೆ ನಮ್ಮ ಕಡೆಯ ಉಕ್ಕಿನ ಕಥೆಯೂ ಇದೆ. ದಕ್ಷಿಣ ಭಾರತದ ಮೂಸೆ ಉಕ್ಕು, ಯುರೋಪಿನವರು ವೂಟ್ಜ್ ಎಂದು ಕರೆದದ್ದು, 1790ರ ದಶಕದಲ್ಲಿ ಲಂಡನ್ನಿನ ವಿಜ್ಞಾನಿಗಳ ಕೈಗೆ ಸೇರಿತು. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಮೇಲೆ ಪ್ರಬಂಧ ಬರೆದರು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಉಕ್ಕು ಮಾಡುವ ಕುಲುಮೆಗಳನ್ನು ಕಣ್ಣಾರೆ ಕಂಡು ವಿವರ ಬರೆದಿಟ್ಟಿದ್ದಾರೆ. ಲಂಡನ್ನಿನಲ್ಲಿ ಕತ್ತಿ, ಚಾಕು ಮಾಡುತ್ತಿದ್ದ ಜೇಮ್ಸ್ ಸ್ಟೊಡಾರ್ಟ್ ಈ ಉಕ್ಕನ್ನು ಬಹಳ ಮೆಚ್ಚಿದ್ದರು. ಅವರು ಮತ್ತು ವಿಜ್ಞಾನಿ ಮೈಕೆಲ್ ಫ್ಯಾರಡೆ ಸೇರಿ ವೂಟ್ಜ್ ಹೇಗೆ ಅಷ್ಟು ಒಳ್ಳೆಯದಾಯಿತು ಎಂದು ಹುಡುಕುತ್ತಾ ಉಕ್ಕಿಗೆ ಬೇರೆ ಬೇರೆ ಲೋಹ ಬೆರೆಸಿ ನೋಡಿದರು, 1820ರಲ್ಲಿ ಪ್ರಕಟಿಸಿದರು. ಬೆಳ್ಳಿಯನ್ನು ಐನೂರರಲ್ಲಿ ಒಂದು ಭಾಗದಷ್ಟು ಮಾತ್ರ ಉಕ್ಕು ಹಿಡಿದಿಟ್ಟುಕೊಂಡಿತು. ಮುಂದೆ ಸಿಲ್ವರ್ ಸ್ಟೀಲ್ ಅನ್ನೋದು ಮಾರಾಟದ ಹೆಸರಾಗಿ ಉಳಿಯಿತು. ಫ್ಯಾರಡೆಯಂಥವರ ಮೇಜಿನವರೆಗೆ ನಮ್ಮ ಕುಲುಮೆಯ ಉಕ್ಕು ಹೋಗಿತ್ತು ಅನ್ನೋದು ನನಗೆ ತುಂಬಾ ಖುಷಿ ಕೊಡುವ ಸಂಗತಿ, ಅದಕ್ಕೇ ಇಷ್ಟು ಬರೆದೆ.

ಹಳೆಯ ಕತ್ತಿ ಕೊಳ್ಳುವುದಾದರೆ

ಹಳೆಯದರಲ್ಲಿ ಒಳ್ಳೆಯ ಉಕ್ಕು ಕಡಿಮೆ ಬೆಲೆಗೆ ಸಿಗುತ್ತದೆ. ಆದರೆ ನೋಡಿ ಕೊಳ್ಳಬೇಕು.

ಕಿಟಕಿ ಬೆಳಕಿಗೆ ಹಿಡಿದು ಬೆನ್ನನ್ನು ನಿಧಾನಕ್ಕೆ ಹೊರಳಿಸಿ. ಕಲ್ಲಿಗೆ ತಾಗಿದ ಜಾಗದಲ್ಲಿ ಹೊಳೆಯುವ ಚಪ್ಪಟೆ ಪಟ್ಟೆ ಕಾಣುತ್ತದೆ. ಅದು ತೆಳುವಾಗಿ, ಉದ್ದಕ್ಕೂ ಒಂದೇ ಅಗಲ ಇದ್ದರೆ ಖುಷಿಪಡಿ. ಒಂದು ತುದಿಯಲ್ಲಿ ಗೆರೆಯಷ್ಟು, ಇನ್ನೊಂದು ತುದಿಯಲ್ಲಿ 4 ಮಿಲಿಮೀಟರ್ ಇದ್ದರೆ ಹಿಂದಿನವರು ಒಂದೇ ಕಡೆ ಒತ್ತಿದ್ದಾರೆ. ಈಗ ಮಗ್ಗುಲು ಬದಲಿಸಿ ನೋಡಿ. ಎಡಬದಿಯ ಪಟ್ಟೆ ತುದಿಯಲ್ಲಿ ಅಗಲ, ಬಲಬದಿಯದು ನಡುವೆ ಅಗಲ ಇದ್ದರೆ ಅಲಗೇ ತಿರುಚಿಕೊಂಡಿರಬಹುದು. ಕನ್ನಡಿ ಗಾಜಿನ ಮೇಲೆ ಮಲಗಿಸಿ ಒಂದು ಮೂಲೆಯನ್ನು ಬೆರಳಿಂದ ಮೆಲ್ಲಗೆ ಒತ್ತಿ. ಕಟಕಟ ಅಂತ ಅಲುಗಾಡಿದರೆ ತಿರುಚಿದೆ ಅಂತಲೇ ಅರ್ಥ. ಎರಡೂ ಬದಿ ಮಾಡಿ ನೋಡಿ.

ಆಮೇಲೆ ತುಕ್ಕು. ಬೆನ್ನಿನ ಮೇಲೆ, ಬಾಲದ ಮೇಲೆ ಇದ್ದರೆ ಚಿಂತೆ ಇಲ್ಲ. ಬಾಯಿಯಿಂದ 2, 3 ಮಿಲಿಮೀಟರ್ ಒಳಗೆ ಸೂಜಿಮೊನೆಯಂಥ ಗುಳಿಗಳಿದ್ದರೆ ಬೇಡ. ಸಾಣೆ ಹಿಡಿಯುತ್ತಾ ಹೋದಂತೆ ಬಾಯಿ ಆ ಗುಳಿಯವರೆಗೆ ಬರುತ್ತದೆ, ಅಲ್ಲಿ ಚಕ್ಕೆ ಏಳುತ್ತದೆ. ಚಕ್ಕೆಯನ್ನು ಕಲ್ಲು ತೆಗೆಯುತ್ತದೆ, ಬಿರುಕನ್ನು ತೆಗೆಯುವುದಿಲ್ಲ. ಬಿರುಕಿದ್ದ ಕತ್ತಿ ಎಷ್ಟು ಅಗ್ಗವಾದರೂ ಮುಖಕ್ಕೆ ತರಬೇಡಿ.

ತೀರಾ ಕನ್ನಡಿಯಂತೆ ಹೊಳೆಸಿದ ಹಳೆ ಕತ್ತಿಯ ಬಗ್ಗೆ ಎಚ್ಚರ. ಬಫಿಂಗ್ ಚಕ್ರಕ್ಕೆ ಹಿಡಿದಾಗ ತೆಳು ಬಾಯಿ ಕ್ಷಣದಲ್ಲಿ ಕಾದುಬಿಡುತ್ತದೆ, ಹದ, ಅಂದರೆ ಉಕ್ಕಿನ ಗಡಸುತನ, ಹೋಗುತ್ತದೆ. ಬಾಯಿಯ ಹತ್ತಿರ ನೀಲಿ, ಕಂದು ಛಾಯೆ ಕಂಡರೆ ಅದೇ ಗುರುತು. ಹದ ಹೋದ ಬಾಯಿ ಹರಿತ ಬಂದಂತೆ ಮಾಡಿ ಒಂದೇ ಕ್ಷೌರಕ್ಕೆ ಮೊಂಡಾಗುತ್ತದೆ.

ಹಿಡಿಯನ್ನೂ ನೋಡಿ. ಮಡಚಿದಾಗ ಅಲಗು ಎರಡು ಪಟ್ಟಿಗಳ ನಡುವೆ ಸರಿಯಾಗಿ ಕೂರಬೇಕು. ಒಂದು ಕಡೆ ತಾಗುತ್ತಿದ್ದರೆ ಮುಚ್ಚುವಾಗಲೆಲ್ಲ ಬಾಯಿಗೆ ಪೆಟ್ಟು. ತಿರುಗುಣಿ ಮೊಳೆ ಬಿಗಿ ಇರಲಿ. ಹಳೆಯ ಸೆಲ್ಯುಲಾಯ್ಡ್ ಹಿಡಿ ಕೊಳೆಯಲು ಶುರುವಾದರೆ ಅದರಿಂದ ಬರುವ ಆಮ್ಲದ ಅನಿಲ ಅಲಗನ್ನು ತಿನ್ನುತ್ತದೆ. ಬೇರೆಲ್ಲ ಸ್ವಚ್ಛವಾಗಿದ್ದು, ಹಿಡಿಯ ಒಳಗೆ ಕೂರುವ ಭಾಗ ಮಾತ್ರ ತುಕ್ಕು ಹಿಡಿದಿದ್ದರೆ ಇದನ್ನೇ ಅನುಮಾನಿಸಿ. ದಂತದ ಹಿಡಿಯದ್ದು ಕೊಳ್ಳಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮಲ್ಲಿ ದಂತದ ವ್ಯಾಪಾರಕ್ಕೆ ನಿಷೇಧ ಇದೆ.

ಕಾಲ ಗುರುತಿಸಲು ಒಂದೆರಡು ಸುಳಿವು. ಅಮೆರಿಕದ 1890ರ ಮೆಕಿನ್ಲೆ ಸುಂಕ ಕಾಯ್ದೆಯ ನಂತರ ಅಲ್ಲಿಗೆ ಹೋಗುವ ಸರಕಿನ ಮೇಲೆ ದೇಶದ ಹೆಸರು ಹಾಕಬೇಕಾಯಿತು. ಹಾಗಾಗಿ "ಜರ್ಮನಿ", "ಇಂಗ್ಲೆಂಡ್" ಎಂದು ಒತ್ತಿದ್ದರೆ ಅದು ಸಾಮಾನ್ಯವಾಗಿ ಆಮೇಲಿನದು. ಕಿರೀಟದ ಜೊತೆ ಡಬ್ಲ್ಯು.ಆರ್. ಇದ್ದರೆ ನಾಲ್ಕನೇ ವಿಲಿಯಂ ಕಾಲ, 1830-37. ವಿ.ಆರ್. ಅಂದರೆ ವಿಕ್ಟೋರಿಯಾ. ವಯಸ್ಸು ಜಾಸ್ತಿ ಆದ ಮಾತ್ರಕ್ಕೆ ಕ್ಷೌರ ಚೆನ್ನಾಗುತ್ತದೆ ಅಂತೇನಿಲ್ಲ, ಅಲ್ವಾ?

ತಂದ ಮೇಲೆ ಸೋಪು ನೀರಲ್ಲಿ ತೊಳೆದು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಬ್ಲೀಚ್ ಹಾಕಬೇಡಿ, ಕಾರ್ಬನ್ ಸ್ಟೀಲನ್ನು ಅದು ತಿಂದುಹಾಕುತ್ತದೆ.

ಹೊಸದಾದರೆ

ಜರ್ಮನಿಯ ಸೋಲಿಂಗನ್, ಫ್ರಾನ್ಸಿನ ಥಿಯೆರ್, ಈ ಎರಡು ಊರುಗಳ ಕತ್ತಿಗಳನ್ನು ಹೊಸಬರು ನಂಬಬಹುದು. ಸೋಲಿಂಗನ್‌ನಲ್ಲಿ 1906ರಿಂದ ಡೊವೊ, 1869ರಿಂದ ಬೋಕರ್. ಥಿಯೆರ್‌ನಲ್ಲಿ 1884ರಿಂದ ಥಿಯೆರ್ ಇಸ್ಸಾರ್. ಸೋಲಿಂಗನ್ ಹೆಸರಿಗೆ 1938ರಿಂದ ಜರ್ಮನಿಯಲ್ಲಿ ಕಾನೂನಿನ ರಕ್ಷಣೆ ಇದೆ, ಆ ಪ್ರದೇಶದಲ್ಲಿ ಮಾಡಿದ್ದಕ್ಕೆ ಮಾತ್ರ ಅದನ್ನು ಒತ್ತಬಹುದು. ಚೀನಾದ ಗೋಲ್ಡ್ ಡಾಲರ್ ಅಗ್ಗ, ಉಕ್ಕೂ ಪರವಾಗಿಲ್ಲ. ಆದರೆ ಬೆನ್ನು, ಭುಜದ ಕೆಲಸ ಒರಟು. ಸಾಣೆ ಅಭ್ಯಾಸಕ್ಕೆ ತೆಗೆದುಕೊಳ್ಳಿ, ಮೊದಲ ಕ್ಷೌರಕ್ಕೆ ಬೇಡ. ಜಪಾನಿನ ಕಮಿಸೋರಿ ಕತ್ತಿಯ ಎರಡು ಬದಿ ಒಂದೇ ಸಮ ಇರುವುದಿಲ್ಲ, ಅದರ ಸಾಣೆ ಬೇರೆಯೇ ವಿದ್ಯೆ. ಮುಂದೆ ನೋಡಿಕೊಳ್ಳಿ.

ಇವುಗಳ ಆಚೆ, ರೇಜರ್ ಥರ ಕಾಣುವ ಆದರೆ ರೇಜರ್ ಅಲ್ಲದ ವಸ್ತುಗಳು ಬೇಕಾದಷ್ಟು ಮಾರಾಟಕ್ಕಿವೆ. ಬಣ್ಣದ ಹಿಡಿ, ಚೆಂದದ ಪೆಟ್ಟಿಗೆ, ಮೆದು ಉಕ್ಕು. ತಯಾರಕರ ಹೆಸರಿಲ್ಲ, ಅಳತೆ ಇಲ್ಲ, ಬೆನ್ನು ಒಂದು ಕಡೆ ದಪ್ಪ ಒಂದು ಕಡೆ ತೆಳು. ಸುಮ್ನೆ ದುಡ್ಡು ದಂಡ.

ಕಾರ್ಖಾನೆಯಿಂದ ಬಂದ ಬಾಯಿ ಎಷ್ಟೋ ಸಲ ಕ್ಷೌರಕ್ಕೆ ಪೂರ್ತಿ ಸಿದ್ಧ ಇರುವುದಿಲ್ಲ. ಇದು ಕಲಿಯುವವರ ದೊಡ್ಡ ತೊಡಕು. ಮೊಂಡು ಕತ್ತಿ ಎಳೆಯುತ್ತದೆ, ಎಳೆದಾಗ ಕೈ ಒತ್ತುತ್ತದೆ, ಒತ್ತಿದಾಗ ಕೊಯ್ಯುತ್ತದೆ. ತಪ್ಪು ಕೈಯದೋ ಕತ್ತಿಯದೋ ಗೊತ್ತೇ ಆಗುವುದಿಲ್ಲ. ಅದಕ್ಕೆ ಮೊದಲ ಕತ್ತಿಯನ್ನು ಸಾಣೆ ಬಲ್ಲವರಿಂದ "ಶೇವ್ ರೆಡಿ" ಮಾಡಿಸಿಯೇ ತೆಗೆದುಕೊಳ್ಳಿ. ಯಾವ ಕಲ್ಲಿನಲ್ಲಿ ಮುಗಿಸಿದಿರಿ, ಸಾಣೆ ಹಿಡಿದವರೇ ಅದರಲ್ಲಿ ಕ್ಷೌರ ಮಾಡಿ ನೋಡಿದ್ದಾರಾ ಎಂದು ಕೇಳಿ. ಮಾಡಿ ನೋಡಿದ್ದರೆ ಬಂದ ಮೇಲೆ ಸೋಂಕು ತೊಳೆಯುವುದು ನಿಮ್ಮ ಕೆಲಸ. ಬಾಯಿಯನ್ನು ದೀಪದ ಕೆಳಗೆ ನೇರ ನಿಮ್ಮ ಕಡೆ ತಿರುಗಿಸಿ ನೋಡಿ. ಹರಿತ ಬಾಯಿ ಬೆಳಕು ಹಿಡಿಯುವುದಿಲ್ಲ. ಬಿಳಿ ಚುಕ್ಕಿ ಮಿನುಗಿದರೆ ಅಲ್ಲಿ ಮೊಂಡು ಅಥವಾ ಚಕ್ಕೆ. ಬೆರಳಿಂದ ಸವರಿ ಪರೀಕ್ಷೆ ಮಾಡಬೇಡಿ.

ವಿದೇಶದಿಂದ ಬರುವವರ ಕೈಯಲ್ಲಿ ತರಿಸುತ್ತಿದ್ದರೆ ಮೊದಲೇ ಹೇಳಿಬಿಡಿ: ಇದು ಚೆಕ್-ಇನ್ ಬ್ಯಾಗಿಗೆ, ಕೈಚೀಲದಲ್ಲಿ ಬಿಡುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಕತ್ತಿ ಕೊಳ್ಳುವ ಮೊದಲೇ ಡಾಕ್ಟರನ್ನು ಒಂದು ಮಾತು ಕೇಳಿ.

ಕತ್ತಿಯ ಜೊತೆಗೇ ಬೇಕಾದ್ದು

ಕಲ್ಲಿಗೆ ಅವಸರ ಇಲ್ಲ. ಆದರೆ ಚರ್ಮದ ಪಟ್ಟಿ ಕತ್ತಿಯ ಜೊತೆಗೇ ಬರಬೇಕು, ಅದಿಲ್ಲದೆ ಎರಡನೇ ಕ್ಷೌರವೇ ಒರಟಾಗುತ್ತದೆ. ಅಗಲ 7 ಸೆಂಟಿಮೀಟರ್ ಆಸುಪಾಸು ಇದ್ದರೆ ಇಡೀ ಬಾಯಿ ಒಂದೇ ಎಳೆತಕ್ಕೆ ತಾಗುತ್ತದೆ. ಪಟ್ಟಿಯ ಮೇಲೆ ಕತ್ತಿ ಹೋಗುವುದು ಬೆನ್ನು ಮುಂದಾಗಿ, ಬಾಯಿ ಹಿಂದಾಗಿ. ತಿರುಗಿಸುವಾಗಲೂ ಬೆನ್ನು ಚರ್ಮ ಬಿಡಬಾರದು, ಅದರ ಮೇಲೆಯೇ ಹೊರಳಬೇಕು. ಕ್ಷೌರಕ್ಕೆ ಮೊದಲು 40, 50 ಸಲ ಹೋಗಿ ಬಂದರೆ ಸಾಕು. ಹೊಸ ಕೈಯಲ್ಲಿ ಬಾಯಿ ಎಲ್ಲೋ ಒಂದು ಕಡೆ ಚರ್ಮಕ್ಕೆ ಕಚ್ಚುತ್ತದೆ. ಅದಕ್ಕೆ ಮೊದಲ ಪಟ್ಟಿ ಅಗ್ಗದ್ದಿರಲಿ.

ಕೆಲವು ವಾರಗಳ ನಂತರ ಕತ್ತಿ ಗಲ್ಲದ ಹತ್ತಿರ ಎಳೆಯತೊಡಗುತ್ತದೆ. ಗಲ್ಲದ ಕೂದಲು ದಪ್ಪ, ಅಲ್ಲೇ ಮೊದಲು ಗೊತ್ತಾಗುವುದು. ಆಗ ಬೇರೊಂದು ಪಟ್ಟಿಗೆ 0.5 ಮೈಕ್ರಾನ್ ಕ್ರೋಮಿಯಂ ಆಕ್ಸೈಡ್ ಹಸಿರು ಪೇಸ್ಟ್ ಹಚ್ಚಿ ಹತ್ತಿಪ್ಪತ್ತು ಎಳೆತ ಕೊಡಿ. ಅದಕ್ಕೂ ಬಗ್ಗದಿದ್ದರೆ 8000 ಅಥವಾ 12000 ಗ್ರಿಟ್ ಕಲ್ಲು (ಗ್ರಿಟ್ ಸಂಖ್ಯೆ ಹೆಚ್ಚಾದಷ್ಟೂ ಕಲ್ಲು ನಯ) ಕೊಳ್ಳುವ ಹೊತ್ತು ಬಂತು. 1000 ಗ್ರಿಟ್ ಕಲ್ಲಿನ ಕೆಲಸ ಬೀಳುವುದು ಚಕ್ಕೆ ಎದ್ದಾಗ, ಇಲ್ಲವೇ ಬಾಯಿಯನ್ನು ಬುಡದಿಂದ ಕಟ್ಟಬೇಕಾದಾಗ ಮಾತ್ರ. ಅದು ಲೋಹ ಬೇಗ ತಿನ್ನುತ್ತದೆ, ಬೆನ್ನಿನದ್ದೂ ಸೇರಿ.